11 ಡೈವ್‌ಗಳಾದರೂ ನೀರಿನಲ್ಲಿ ಸ್ಥಿರವಾಗಿ ನಿಲ್ಲಲಾಗುತ್ತಿಲ್ಲ: ಮುಂದಿನ ಕೋರ್ಸ್ ಮಾಡಲೇ, ಕಾಯಲೇ?

ಪ್ರಶ್ನೆ: ಹೊಸನೀರು

ಎಲ್ಲರಿಗೂ ನಮಸ್ಕಾರ. ನಾನು ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿ ಎಂಟು ತಿಂಗಳಾಯಿತು. ಕೋರ್ಸಿನ 4 ಡೈವ್‌ಗಳನ್ನೂ ಸೇರಿಸಿದರೆ ಇದುವರೆಗೆ 11 ಡೈವ್‌ಗಳಾಗಿವೆ. ಉಳಿದ 7 ಡೈವ್‌ಗಳು ಎರಡು ಪ್ರವಾಸಗಳಲ್ಲಿ, ನಡುವೆ ಐದು ತಿಂಗಳ ಅಂತರವಿಟ್ಟು ಆದವು. ಎರಡನೆಯ ಪ್ರವಾಸದಿಂದ ಮರಳಿದ ಮೇಲೆ ಮನಸ್ಸಿನಲ್ಲಿ ಒಂದು ಅಳುಕು ಉಳಿದುಕೊಂಡಿದೆ. ಅದನ್ನು ಬಿಡಿಸಿ ಹೇಳಿ ನಿಮ್ಮ ಸಲಹೆ ಕೇಳೋಣವೆಂದು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಗುಂಪಿನಲ್ಲಿ ಎಲ್ಲರಿಗಿಂತ ಮುಂಚೆ ಗಾಳಿ ಮುಗಿಯುವುದು ನನ್ನದೇ. 12 ಲೀಟರ್ ಸಿಲಿಂಡರ್ 200 ಬಾರ್ ಒತ್ತಡದಿಂದ ಆರಂಭಿಸಿದರೆ, ಸರಾಸರಿ 12 ಮೀಟರ್ ಆಳದ ಡೈವ್‌ನಲ್ಲಿ 30 ನಿಮಿಷಕ್ಕೆಲ್ಲ 50 ಬಾರ್‌ಗೆ ಇಳಿದಿರುತ್ತದೆ. ಉಳಿದವರ ಗೇಜ್‌ನಲ್ಲಿ ಆಗ ಇನ್ನೂ 90ರಿಂದ 100 ಬಾರ್ ಇರುತ್ತದೆ. ನನ್ನೊಬ್ಬನಿಂದಾಗಿ ಎಲ್ಲರೂ ಮೇಲೆ ಬರಬೇಕಾಗುತ್ತದೆಂಬ ಸಂಕೋಚದಿಂದ ಉಸಿರನ್ನು ಉಳಿಸಲು ಹೋಗಿ ಒಮ್ಮೆ ತಲೆನೋವು ತಂದುಕೊಂಡಿದ್ದೂ ಆಯಿತು.

ಎರಡನೆಯದಾಗಿ, ನೀರಿನೊಳಗೆ ನಾನು ಒಂದೆಡೆ ನಿಲ್ಲುವುದೇ ಇಲ್ಲ. ಲಿಫ್ಟ್‌ನಲ್ಲಿ ಕುಳಿತವನಂತೆ ಮೇಲಕ್ಕೂ ಕೆಳಕ್ಕೂ ಹೋಗುತ್ತಿರುತ್ತೇನೆ. ಕೊನೆಯ ಡೈವ್‌ನಲ್ಲಿ ಮೇಲೆ ಬರುವ ಮುನ್ನ 5 ಮೀಟರ್‌ನಲ್ಲಿ ಕೆಲವು ನಿಮಿಷ ತಡೆದು ನಿಲ್ಲುವ ಸೇಫ್ಟಿ ಸ್ಟಾಪ್‌ನಲ್ಲಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಹಿಡಿತ ತಪ್ಪಿ ಮೇಲ್ಮೈಗೆ ಬಂದುಬಿಟ್ಟೆ. ಅಪಾಯವೇನೂ ಆಗಲಿಲ್ಲವಾದರೂ ಎದೆ ಧಸಕ್ಕೆಂದದ್ದು ನಿಜ. ನನ್ನ ತೂಕ 70 ಕೆ.ಜಿ., ತೊಡುವುದು 3 ಮಿಲಿಮೀಟರ್ ವೆಟ್‌ಸೂಟ್, ಮುಳುಗಲೆಂದು ಬೆಲ್ಟ್‌ನಲ್ಲಿ 10 ಕೆ.ಜಿ. ಸೀಸ. ಇದನ್ನು ಮೊದಲ ದಿನ ದೋಣಿಯಲ್ಲಿ ಕಟ್ಟಿಕೊಟ್ಟರು. ಅಂದಿನಿಂದ ಅದೇ ಅಂಕಿಯನ್ನು ಹೇಳುತ್ತ ಬಂದಿದ್ದೇನೆ.

ಕೊನೆಯದಾಗಿ, ಕಿವಿಯ ಒತ್ತಡ ಸರಿಹೋಗಲು ಸಮಯ ಹಿಡಿಯುವುದರಿಂದ ಕೆಳಗಿಳಿಯುವುದರಲ್ಲೂ ನಾನೇ ಹಿಂದೆ.

ನನ್ನ ತರಬೇತುದಾರರು ಕೂಡಲೇ ಅಡ್ವಾನ್ಸ್‌ಡ್ ಕೋರ್ಸ್ ಮಾಡಿದರೆ ಇವೆಲ್ಲ ತಾನಾಗಿ ಸರಿಹೋಗುತ್ತವೆ ಎನ್ನುತ್ತಾರೆ. ಜೊತೆಗೆ ಬಂದಿದ್ದ ಹಿರಿಯ ಡೈವರ್ ಒಬ್ಬರು 50 ಡೈವ್‌ಗಳಾಗುವವರೆಗೆ ಆ ಕೋರ್ಸಿನ ಹೆಸರೆತ್ತಬೇಡಿ ಎಂದರು. ಯಾರ ಮಾತನ್ನು ಕೇಳಲಿ?

ಉತ್ತರ: ನಿಧಾನಗತಿ

ಹೊಸನೀರು ಅವರೇ, ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 10 ಕೆ.ಜಿ. ನಿಮ್ಮ ಮೈತೂಕಕ್ಕೆ, ಆ ತೆಳು ವೆಟ್‌ಸೂಟ್‌ಗೆ ಅಷ್ಟು ಸೀಸ ಬೇಕಾಗುವುದು ಅಪರೂಪ. ಹೊಸಬರು ಮುಳುಗಲಾಗದೆ ಮೇಲೆಯೇ ಉಳಿದರೆ ಎಲ್ಲರೂ ಕಾಯಬೇಕಾಗುತ್ತದೆಂದು ದೋಣಿಯಲ್ಲಿ ಒಂದೆರಡು ತುಂಡು ಹೆಚ್ಚಿಗೇ ಕಟ್ಟಿಬಿಡುವವರಿದ್ದಾರೆ. ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ, ನಿಮ್ಮ ಪಾಡು ಅಲ್ಲಿಂದ ಶುರುವಾಗುತ್ತದೆ.

ಲೆಕ್ಕವನ್ನು ನೋಡಿ. ಬೇಕಾದುದಕ್ಕಿಂತ ಹೆಚ್ಚಾದ ಒಂದೊಂದು ಕಿಲೋವನ್ನು ಸರಿದೂಗಿಸಲು ಬಿ.ಸಿ.ಡಿ.ಯೊಳಗೆ (ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಜಾಕೆಟ್) ಸುಮಾರು ಒಂದೊಂದು ಲೀಟರ್ ಗಾಳಿ ತುಂಬಬೇಕು. 4 ಕೆ.ಜಿ. ಹೆಚ್ಚಿದ್ದರೆ 4 ಲೀಟರ್. ಈ ಗಾಳಿ ತುಂಬಿದ ಹಾಗೇ ಇರುವುದಿಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು 1 ಬಾರ್‌ನಷ್ಟು ಏರುತ್ತದೆ: ಮೇಲ್ಮೈಯಲ್ಲಿ 1, 10 ಮೀಟರ್‌ನಲ್ಲಿ 2, 20 ಮೀಟರ್‌ನಲ್ಲಿ 3. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ ಎಂಬ ಬಾಯ್ಲ್‌ನ ನಿಯಮವನ್ನು ಕೋರ್ಸಿನಲ್ಲಿ ಓದಿರುತ್ತೀರಿ. ಅದರಂತೆ 10 ಮೀಟರ್‌ನಲ್ಲಿ 4 ಲೀಟರ್ ಇದ್ದ ಗಾಳಿ ನೀವು 5 ಮೀಟರ್‌ಗೆ ಬರುವಷ್ಟರಲ್ಲಿ 5.3 ಲೀಟರ್ ಆಗಿ, 1.3 ಕೆ.ಜಿ.ಯಷ್ಟು ಬಲದಿಂದ ನಿಮ್ಮನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಗಾಬರಿಯಿಂದ ಗಾಳಿ ಬಿಟ್ಟರೆ ಕುಸಿಯುತ್ತೀರಿ, ಕುಸಿದೆನೆಂದು ಮತ್ತೆ ತುಂಬುತ್ತೀರಿ. ನೀವು ಹೇಳಿದ ಲಿಫ್ಟ್ ಇದೇ. ಮೇಲ್ಮೈಗೆ ಹತ್ತಿರವಾದಷ್ಟೂ ಈ ಏರುಪೇರು ಹೆಚ್ಚು, ಏಕೆಂದರೆ 30 ಮೀಟರ್‌ನಿಂದ 20ಕ್ಕೆ ಬಂದಾಗ ಗಾಳಿ ಮೂರನೇ ಒಂದರಷ್ಟು ಹಿಗ್ಗಿದರೆ, 10 ಮೀಟರ್‌ನಿಂದ ಮೇಲ್ಮೈಗೆ ಬಂದಾಗ ಎರಡರಷ್ಟಾಗುತ್ತದೆ. ಆಳ ಕಡಿಮೆ ಇದ್ದರೆ ಸುಲಭವೆಂದು ಎಲ್ಲರೂ ಭಾವಿಸುತ್ತಾರೆ. ಸ್ಥಿರವಾಗಿ ನಿಲ್ಲುವ ವಿಷಯದಲ್ಲಿ ಅದು ತಿರುವುಮುರುವು.

ಸೇಫ್ಟಿ ಸ್ಟಾಪ್‌ನಲ್ಲಿ ಮೇಲೆ ಹೋದದ್ದಕ್ಕೆ ಎರಡು ಕಾರಣಗಳಿರಬಹುದು. ಆಗ ಬಿ.ಸಿ.ಡಿ.ಯಲ್ಲಿ ಇನ್ನೂ ಗಾಳಿ ಉಳಿದಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಉಳಿದಿದ್ದರೆ ಏರುವಾಗ ಅದನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದನ್ನು ನೀವು ಮರೆತಿದ್ದೀರಿ. ಪೂರ್ತಿ ಬರಿದಾಗಿದ್ದೂ ತೇಲಿದ್ದರೆ ತೂಕ ಸಾಲದು. ನಿಮ್ಮದು ಮೊದಲನೆಯದೆಂದೇ ನನ್ನ ಊಹೆ.

ತೂಕದ ಪರೀಕ್ಷೆಯನ್ನು ಡೈವ್‌ನ ಕೊನೆಯಲ್ಲಿ ಮಾಡುವುದು ಒಳ್ಳೆಯದು. ಸಿಲಿಂಡರ್‌ನಲ್ಲಿ 50 ಬಾರ್ ಇರುವಾಗ, ಮೇಲ್ಮೈಗೆ ಬಂದು, ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರನ್ನು ಬಾಯಲ್ಲೇ ಇಟ್ಟುಕೊಂಡು, ಬಿ.ಸಿ.ಡಿ.ಯನ್ನು ಪೂರ್ತಿ ಬರಿದು ಮಾಡಿ, ಕೈಕಾಲು ಆಡಿಸದೆ ನಿಲ್ಲಿ. ಸಾಧಾರಣ ಉಸಿರೆಳೆದುಕೊಂಡಾಗ ನೀರು ಕಣ್ಣಿನ ಮಟ್ಟಕ್ಕೆ ನಿಂತು, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಿದರೆ ತೂಕ ಸರಿಯಿದೆ. ಕಲ್ಲಿನಂತೆ ಮುಳುಗಿದರೆ ಮುಂದಿನ ಡೈವ್‌ಗೆ 1 ಕೆ.ಜಿ. ತೆಗೆಯಿರಿ, ಒಮ್ಮೆಲೇ ನಾಲ್ಕು ತೆಗೆಯಬೇಡಿ. ತುಂಬಿದ ಸಿಲಿಂಡರ್‌ನೊಂದಿಗೆ ಪರೀಕ್ಷಿಸುವುದಾದರೆ ಮುಂದೆ ಬಳಸಿ ಮುಗಿಯುವ ಗಾಳಿಯ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. 12 ಲೀಟರ್ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿದಾಗ 1,800 ಲೀಟರ್ ಗಾಳಿ ಖರ್ಚಾಗಿ, ಅದು ಸುಮಾರು 2.2 ಕೆ.ಜಿ. ಹಗುರವಾಗಿರುತ್ತದೆ.

ಇನ್ನು ಭಂಗಿಯ ವಿಷಯ. ತೂಕ ಹೆಚ್ಚಾದವರ ಕಾಲುಗಳು ಜೋತುಬಿದ್ದು, ತಲೆ ಮೇಲಾಗಿ, ದೇಹ ಓರೆಯಾಗಿರುತ್ತದೆ. ಆ ಸ್ಥಿತಿಯಲ್ಲಿ ಕಾಲಿನ ಫಿನ್ (ಈಜುರೆಕ್ಕೆ) ಬಡಿದಾಗಲೆಲ್ಲ ಮುಂದಕ್ಕೆ ಮಾತ್ರವಲ್ಲದೆ ಮೇಲಕ್ಕೂ ತಳ್ಳಲ್ಪಡುತ್ತೀರಿ, ಹಾಗಾಗಿ ಈಜುತ್ತಿರುವವರೆಗೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಕಾಲು ನಿಲ್ಲಿಸಿ ಮೂರು ಉಸಿರು ಎಣಿಸಿ ನೋಡಿ, ನಿಜ ಹೊರಬೀಳುತ್ತದೆ. ನನಗೆ ನನ್ನ 20ನೇ ಡೈವ್‌ವರೆಗೂ ಈ ಸಂಗತಿ ಹೊಳೆದಿರಲಿಲ್ಲ. ಇಡೀ ಡೈವ್ ನಾನು ಈಜುತ್ತಿದ್ದದ್ದು ನೋಟ ನೋಡಲಿಕ್ಕಲ್ಲ, ಮುಳುಗದಿರಲಿಕ್ಕೆ! ಗಾಳಿ ಬೇಗ ಮುಗಿಯುವುದಕ್ಕೂ ಬಹುಪಾಲು ಇದೇ ಕಾರಣ. ಆದ್ದರಿಂದ ಉಸಿರು ಉಳಿಸುವ ಪ್ರಯತ್ನವನ್ನು ದಯವಿಟ್ಟು ಬಿಟ್ಟುಬಿಡಿ. ಉಸಿರು ತಡೆದಾಗ ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ಸಂಗ್ರಹವಾಗುತ್ತದೆ, ನಿಮ್ಮ ತಲೆನೋವು ಅದರಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಅದಕ್ಕಿಂತ ದೊಡ್ಡ ಅಪಾಯವೂ ಇದೆ. ತಡೆಹಿಡಿದ ಉಸಿರಿನೊಂದಿಗೆ ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ, ಪೂರ್ತಿಯಾಗಿ ಬಿಡಿ.

ಅಭ್ಯಾಸಕ್ಕೆ ಒಂದೇ ಒಂದು ಕೆಲಸ ಹೇಳುತ್ತೇನೆ. 6ರಿಂದ 8 ಮೀಟರ್ ಆಳದ ಮರಳಿನ ತಳದಲ್ಲಿ ಒಂದು ಕಲ್ಲನ್ನು ಆರಿಸಿಕೊಂಡು, ಅದರಿಂದ ಒಂದು ಮೊಳ ಮೇಲೆ, ಮಾಸ್ಕಿನ ನೇರಕ್ಕೆ ಆ ಕಲ್ಲು ಕಾಣುವಂತೆ ಅಡ್ಡಲಾಗಿ ನಿಂತು, ಕೈಗಳನ್ನು ಕಟ್ಟಿಕೊಳ್ಳಿ. ಉಸಿರೆಳೆದ ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ಸೆಕೆಂಡು ಬಿಟ್ಟು ಕಲ್ಲು ಕೆಳಗೆ ಸರಿಯತೊಡಗುತ್ತದೆ. ಸರಿದದ್ದು ಕಂಡ ಮೇಲೆ ಉಸಿರು ಬಿಟ್ಟರೆ ಆಗಲೇ ತಡವಾಗಿರುತ್ತದೆ. ಉಯ್ಯಾಲೆಯನ್ನು ತಳ್ಳುವವರು ಅದು ಬರುವ ಹೊತ್ತನ್ನು ಮೊದಲೇ ಅಂದಾಜು ಮಾಡುವಂತೆ, ದೇಹ ಏರುವ ಮುಂಚೆಯೇ ಉಸಿರು ಬಿಡಲು ಆರಂಭಿಸಬೇಕು. ಒಂದು ಡೈವ್‌ನಲ್ಲಿ ಹತ್ತು ನಿಮಿಷವನ್ನು ಇದಕ್ಕೇ ಮೀಸಲಿಡಿ, ಮೀನುಗಳು ಎಲ್ಲಿಗೂ ಹೋಗುವುದಿಲ್ಲ.

ಕೋರ್ಸಿನ ಬಗ್ಗೆ ಹೇಳುವುದಾದರೆ, 12 ಮೀಟರ್ ಮೀರದ ಇಂಥ ಹತ್ತು ಡೈವ್‌ಗಳನ್ನು ಸಾಧ್ಯವಾದಷ್ಟು ಒಂದೇ ಸ್ಥಳದಲ್ಲಿ, ಒಬ್ಬರೇ ಜೊತೆಗಾರರೊಂದಿಗೆ ಮುಗಿಸುವವರೆಗೆ ಅಡ್ವಾನ್ಸ್‌ಡ್ ಬೇಡವೆಂದೇ ನನ್ನ ಅಭಿಪ್ರಾಯ.

ಉತ್ತರ: ದಿಕ್ಸೂಚಿ

ತೂಕದ ಬಗ್ಗೆ ನಿಧಾನಗತಿಯವರು ಬರೆದುದರಲ್ಲಿ ನನಗೆ ಒಂದಕ್ಷರವೂ ಭಿನ್ನಾಭಿಪ್ರಾಯವಿಲ್ಲ. ಕೋರ್ಸಿನ ವಿಷಯದಲ್ಲಿ ಮಾತ್ರ ಒಪ್ಪಲಾರೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನೀರಿಗಿಳಿಯುವವರಿಗೆ ಹತ್ತು ಡೈವ್‌ಗಳೆಂದರೆ ಒಂದು ವರ್ಷ. ಅಷ್ಟು ಕಾಲ ಗೈಡ್‌ನ ಫಿನ್‌ಗಳ ಹಿಂದೆ ಸುಮ್ಮನೆ ಸಾಗಿದರೆ ತಪ್ಪು ಅಭ್ಯಾಸಗಳೇ ಗಟ್ಟಿಯಾಗುತ್ತವೆ. ತರಬೇತುದಾರರ ಕಣ್ಣೆದುರಿಗೆ ಮಾಡುವ ಐದು ಡೈವ್‌ಗಳು, ಯಾರೂ ಗಮನಿಸದ ಹದಿನೈದು ಡೈವ್‌ಗಳಿಗಿಂತ ಹೆಚ್ಚು ಕಲಿಸಬಲ್ಲವು.

ಆದರೆ ಒಂದು ಷರತ್ತಿದೆ. ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯ ಅಡ್ವಾನ್ಸ್‌ಡ್ ಕೋರ್ಸಿನಲ್ಲಿ 5 ಡೈವ್‌ಗಳಿದ್ದು, ಅವುಗಳಲ್ಲಿ ಆಳದ ಡೈವ್ ಮತ್ತು ದಿಕ್ಕು ಹಿಡಿಯುವ ಡೈವ್ ಕಡ್ಡಾಯ. ಉಳಿದವುಗಳನ್ನು ನೀವೇ ಆರಿಸಿಕೊಳ್ಳಬಹುದು. ತೇಲುವಿಕೆಯ ನಿಯಂತ್ರಣದ ಡೈವನ್ನು ಆರಿಸಿ, ಅದನ್ನೇ ಮೊದಲ ದಿನಕ್ಕೆ ಇಡುವಂತೆ ಕೇಳಿ. ನೋಂದಾಯಿಸಿಕೊಳ್ಳುವ ಮುನ್ನ ತರಬೇತುದಾರರಿಗೆ ನಿಮ್ಮ ಈ ಬರಹವನ್ನೇ ತೋರಿಸಿ, ಇದರಲ್ಲಿ ಏನನ್ನು ಹೇಗೆ ತಿದ್ದುತ್ತೀರಿ ಎಂದು ವಿಚಾರಿಸಿ. ‘ತಾನಾಗಿ ಸರಿಹೋಗುತ್ತದೆ’ ಎಂಬುದು ಉತ್ತರವಲ್ಲ. ಅದನ್ನೇ ಮತ್ತೆ ಹೇಳಿದರೆ ಬೇರೆಯವರನ್ನು ಹುಡುಕಿ.

ಆಳಕ್ಕೆ ಹೋಗುವ ಮೊದಲು ನಿಮ್ಮ ಗಾಳಿಯ ಲೆಕ್ಕವನ್ನೂ ತಿಳಿದುಕೊಳ್ಳಬೇಕು. ನೀವೇ ಕೊಟ್ಟ ಅಂಕಿಗಳಂತೆ 1,800 ಲೀಟರ್ 30 ನಿಮಿಷಕ್ಕೆ, ಅಂದರೆ ನಿಮಿಷಕ್ಕೆ 60 ಲೀಟರ್. ಸರಾಸರಿ 12 ಮೀಟರ್‌ನಲ್ಲಿ ಒತ್ತಡ 2.2 ಬಾರ್. ಭಾಗಿಸಿದರೆ ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 27 ಲೀಟರ್ ಬರುತ್ತದೆ. ಓಪನ್ ವಾಟರ್ ಕಾರ್ಡಿನ 18 ಮೀಟರ್ ಮಿತಿಯನ್ನು ಅಡ್ವಾನ್ಸ್‌ಡ್ ಕಾರ್ಡು 30ಕ್ಕೆ ಏರಿಸುತ್ತದೆ. ಅಲ್ಲಿ ಒತ್ತಡ 4 ಬಾರ್ ಆಗಿರುವುದರಿಂದ ನಿಮಗೆ ನಿಮಿಷಕ್ಕೆ 108 ಲೀಟರ್ ಬೇಕು. ಅದೇ 1,800 ಲೀಟರ್ 17 ನಿಮಿಷವೂ ಬಾರದು, ಏರುವಾಗ ಬೇಕಾಗುವ ಗಾಳಿಯನ್ನೂ ಅದರಲ್ಲೇ ಕಳೆಯಬೇಕು. ಈ ಲೆಕ್ಕವನ್ನು ಪ್ರತಿ ಡೈವ್‌ನ ನಂತರ ಲಾಗ್‌ಬುಕ್‌ನಲ್ಲಿ ಬರೆದಿಡಿ. 27 ಇದ್ದದ್ದು 20ರ ಹತ್ತಿರ ಬಂದಾಗ, ನಿಮಗೆ ಅನುಭವ ಬಂದಿದೆಯೇ ಎಂದು ನಮ್ಮನ್ನು ಕೇಳುವ ಅಗತ್ಯವಿರುವುದಿಲ್ಲ.

ಉತ್ತರ: ಅಲೆಮನೆ

ಕಿವಿಯ ಬಗ್ಗೆ ಯಾರೂ ಬರೆಯಲಿಲ್ಲವೆಂದು ಎರಡು ಮಾತು. ನೋವು ಬಂದ ಮೇಲೆ ಮೂಗು ಹಿಡಿದು ಊದುವುದು ಹೊಸಬರ ಸಾಮಾನ್ಯ ತಪ್ಪು. ತಲೆ ನೀರಿನೊಳಗೆ ಹೋಗುವ ಮುಂಚೆಯೇ ಒಮ್ಮೆ, ಆಮೇಲೆ ಒಂದೊಂದು ಮೀಟರ್‌ಗೂ ಮೊದಲೇ, ಮೆಲ್ಲಗೆ ಮಾಡಬೇಕು. ಕಾಲು ಕೆಳಗಾಗಿ, ಲಂಗರಿನ ಹಗ್ಗ ಹಿಡಿದು ಇಳಿದರೆ ಹೆಚ್ಚು ಸುಲಭ. ತೆರೆದುಕೊಳ್ಳದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿ ತೆರೆಯಲು ಹೋಗಬೇಡಿ. ಶೀತವಿದ್ದ ದಿನ ದೋಣಿಯಲ್ಲೇ ಕುಳಿತಿರಿ. ಹಿಂದೆ ಬೀಳುವುದು ಅವಮಾನವಲ್ಲ, ನಿಧಾನವಾಗಿ ಇಳಿಯುತ್ತೇನೆಂದು ಜೊತೆಗಾರರಿಗೆ ಮೊದಲೇ ಹೇಳಿಬಿಡಿ.

ಉತ್ತರ: ಮಾಸ್ಕ್‌ಹೋದವಳು

ನನ್ನ ಈ ಹೆಸರಿಗೆ ಒಂದು ಕಥೆಯಿದೆ, ಅದು ನಿಮಗೆ ಉಪಯೋಗವಾಗಬಹುದು. ನನ್ನ 23ನೇ ಡೈವ್‌ನಲ್ಲಿ, 14 ಮೀಟರ್ ಆಳದಲ್ಲಿ, ಮುಂದಿದ್ದವರ ಫಿನ್ ತಗುಲಿ ನನ್ನ ಮಾಸ್ಕ್ ಕಳಚಿ ಹಣೆಯ ಮೇಲೇರಿತು. ಕೋರ್ಸಿನಲ್ಲಿ ಮಾಸ್ಕ್ ತೆಗೆದು ಹಾಕಿದ್ದು ಒಂದೆರಡು ಬಾರಿ, ಅದೂ ಮಂಡಿಯೂರಿ, ತರಬೇತುದಾರರು ಭುಜ ಹಿಡಿದಿರುವಾಗ. ಇಲ್ಲಿ ಮಂಡಿಯೂರಲು ತಳವೇ ಇರಲಿಲ್ಲ. ಮೂಗಿನೊಳಗೆ ನುಗ್ಗಿದ ಉಪ್ಪುನೀರು ಗಂಟಲಿಗೆ ಇಳಿದಾಗ, ಬಾಯಲ್ಲಿ ರೆಗ್ಯುಲೇಟರ್ ಇದೆ, ಗಾಳಿ ಬರುತ್ತಿದೆ ಎಂಬುದು ಬುದ್ಧಿಗೆ ಗೊತ್ತಿದ್ದರೂ ಇಡೀ ದೇಹ ಮೇಲೆ ಹೋಗಬೇಕೆಂದು ಒದ್ದಾಡಿತು. ಎಡಗೈಯಿಂದ ಮೂಗು ಮುಚ್ಚಿಕೊಂಡೆ, ಅದೊಂದೇ ನಾನು ಮಾಡಿದ ಸರಿಯಾದ ಕೆಲಸ. ಎರಡು ಉಸಿರಿನಲ್ಲಿ ಕೆಮ್ಮು ನಿಂತಿತು. ರೆಗ್ಯುಲೇಟರ್‌ನೊಳಗೇ ಕೆಮ್ಮಬಹುದೆಂದು ಆಗ ತಿಳಿಯಿತು. ಅಷ್ಟರಲ್ಲಿ ಜೊತೆಗಾರ್ತಿ ನನ್ನ ತೋಳು ಹಿಡಿದಿದ್ದಳು.

ಅಂದಿನಿಂದ ಪ್ರತಿ ಪ್ರವಾಸದ ಮೊದಲ ಡೈವ್‌ಗೆ ಮುಂಚೆ, ಈಜುಕೊಳದಲ್ಲೋ ಸೊಂಟದಷ್ಟು ನೀರಿನಲ್ಲೋ, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ ರೆಗ್ಯುಲೇಟರ್‌ನಿಂದ ಎರಡು ನಿಮಿಷ ಉಸಿರಾಡುತ್ತೇನೆ. ಮೊದಲು ಮೂಗು ಹಿಡಿದು, ಆಮೇಲೆ ಬಿಟ್ಟು. ಜೊತೆಗಾರರ ಬದಲಿ ರೆಗ್ಯುಲೇಟರ್ ತೆಗೆದುಕೊಂಡು ಉಸಿರಾಡುವುದನ್ನೂ ಒಮ್ಮೆ ಮಾಡಿಯೇ ಆಳಕ್ಕೆ ಹೋಗುತ್ತೇನೆ. ದೋಣಿಯಲ್ಲಿ ಪರಿಚಯವಿಲ್ಲದವರನ್ನು ಜೊತೆಗೂಡಿಸುತ್ತಾರೆ, ಅವರ ಸಲಕರಣೆ ಎಲ್ಲಿ ತೂಗಾಡುತ್ತಿದೆಯೆಂದು ಗೊತ್ತಿಲ್ಲದೆ ನೀರಿಗೆ ಹಾರುವವರೇ ಹೆಚ್ಚು. ಹಾರುವ ಮುನ್ನ ಒಂದು ನಿಮಿಷ ನಿಲ್ಲಿಸಿ ಕೇಳುವುದಕ್ಕೆ ಸಂಕೋಚಪಡಬೇಡಿ.

ಸಂಕೇತಗಳನ್ನೂ ಮರೆಯಬೇಡಿ. ಎಲ್ಲ ಚೆನ್ನಾಗಿದೆಯೆಂದು ನಾನು ಹೆಬ್ಬೆರಳು ಎತ್ತಿ ತೋರಿಸಿದ್ದಕ್ಕೆ ಒಮ್ಮೆ ನನ್ನ ಜೊತೆಗಾರ್ತಿ ಹತ್ತನೇ ನಿಮಿಷಕ್ಕೇ ಡೈವ್ ಮುಗಿಸಿ ನನ್ನೊಂದಿಗೆ ಮೇಲೆ ಬಂದಳು. ನೀರಿನಲ್ಲಿ ಅದರ ಅರ್ಥ ‘ಮೇಲೆ ಹೋಗೋಣ’ ಎಂದು. ಅವಳು ಮಾಡಿದ್ದೇ ಸರಿ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ಮುಗಿಸಬಹುದು. ಗಾಳಿ ಮುಗಿದದ್ದಕ್ಕೆ ನೀವು ಪಟ್ಟ ಸಂಕೋಚವನ್ನು ಓದಿದಾಗ ನನಗೆ ಇದು ನೆನಪಾಯಿತು; 50 ಬಾರ್ ತೋರಿಸುವುದನ್ನು ತಡಮಾಡುವ ಜೊತೆಗಾರರಿಗಿಂತ, ನೂರು ಇದ್ದಾಗಲೇ ನೂರು ಎಂದು ತೋರಿಸುವವರ ಜೊತೆ ಇಳಿಯಲು ನನಗೆ ಇಷ್ಟ.

ಮರುಬರಹ: ಹೊಸನೀರು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಕಳೆದ ವಾರ ನಾಲ್ಕು ದಿನಗಳಲ್ಲಿ 7 ಡೈವ್‌ಗಳನ್ನು ಮಾಡಿದೆ. ಎಲ್ಲವೂ 12 ಮೀಟರ್ ಒಳಗೆ, ಮೊದಲ ಐದು ಒಂದೇ ಸ್ಥಳದಲ್ಲಿ, ಒಬ್ಬರೇ ಜೊತೆಗಾರರೊಂದಿಗೆ.

ಮೊದಲ ಡೈವ್‌ನ ಕೊನೆಯಲ್ಲಿ ಬಿ.ಸಿ.ಡಿ. ಬರಿದು ಮಾಡಿದಾಗ ನಾನು ಅಕ್ಷರಶಃ ಕಲ್ಲಿನಂತೆ ಮುಳುಗಿದೆ. ಒಂದೊಂದು ಡೈವ್‌ಗೆ ಒಂದೊಂದು ಕಿಲೋ ತೆಗೆಯುತ್ತ ಐದನೆಯದಕ್ಕೆ 6 ಕೆ.ಜಿ.ಗೆ ಬಂದೆ. ಕಲ್ಲಿನ ಅಭ್ಯಾಸ ಮೊದಲೆರಡು ದಿನ ನಗೆಪಾಟಲಾಯಿತು. ಕೈ ಕಟ್ಟಿಕೊಂಡ ಕೂಡಲೇ ಪಕ್ಕಕ್ಕೆ ವಾಲುತ್ತಿದ್ದೆ. ಬೆಲ್ಟಿನ ತೂಕವೆಲ್ಲ ಬಲಗಡೆಗೇ ಸರಿದಿತ್ತೆಂದು ಜೊತೆಗಾರರು ತೋರಿಸಿಕೊಟ್ಟರು. ನಾಲ್ಕನೆಯ ಡೈವ್‌ನಲ್ಲಿ ಆ ಕಲ್ಲು ಸುಮಾರು ಹತ್ತು ಉಸಿರುಗಳವರೆಗೆ ನನ್ನ ಮಾಸ್ಕಿನೆದುರು ಅಲ್ಲಾಡದೆ ನಿಂತಿತು. ಅದರ ಮೇಲೆ ಉಗುರಿನಷ್ಟು ಸಣ್ಣ ಏಡಿಯೊಂದು ಇದ್ದದ್ದನ್ನು ಆಗಲೇ ನಾನು ಕಂಡದ್ದು. ಗಾಳಿಯ ಲೆಕ್ಕ ಮೊದಲ ಡೈವ್‌ನಲ್ಲಿ 26 ಇದ್ದದ್ದು ಐದನೆಯದರಲ್ಲಿ 21 ಆಯಿತು.

ಆದರೆ ಆರನೆಯ ಡೈವ್‌ಗೆ ಬೇರೆ ದೋಣಿಯಲ್ಲಿ ಹೋದೆವು. ಅದೇ 6 ಕೆ.ಜಿ. ಕಟ್ಟಿಕೊಂಡೆ, ಆರಂಭದಲ್ಲಿ ಎಲ್ಲವೂ ಚೆನ್ನಾಗಿತ್ತು. ಸೇಫ್ಟಿ ಸ್ಟಾಪ್ ಹೊತ್ತಿಗೆ ಬಿ.ಸಿ.ಡಿ.ಯಲ್ಲಿ ಒಂದು ಗುಳ್ಳೆಯೂ ಉಳಿದಿರಲಿಲ್ಲ, ಆದರೂ ಮೇಲಕ್ಕೆ ಎಳೆದಂತಾಯಿತು. ಹಗ್ಗ ಹಿಡಿದುಕೊಂಡು 3 ನಿಮಿಷ ಕಳೆದೆ. ಮೇಲೆ ಬಂದ ಮೇಲೆ ನೋಡಿದರೆ ಸಿಲಿಂಡರ್ ಅಲ್ಯೂಮಿನಿಯಂನದು. ಹಿಂದಿನ ದಿನಗಳಲ್ಲಿ ಉಕ್ಕಿನದು ಇತ್ತು. ಕಾರಣ ಇದೇ ಇರಬಹುದೇ?

ಉತ್ತರ: ನಿಧಾನಗತಿ

ಅದೇ ಕಾರಣ. ಉಕ್ಕಿನ ಸಿಲಿಂಡರ್ ಬರಿದಾಗುತ್ತ ಬಂದರೂ ಸಾಮಾನ್ಯವಾಗಿ ಮುಳುಗುವ ಸ್ವಭಾವವನ್ನೇ ಉಳಿಸಿಕೊಳ್ಳುತ್ತದೆ. ಸಾಧಾರಣವಾಗಿ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಕೊನೆಗೆ ತೇಲತೊಡಗುತ್ತದೆ. ಅದರೊಂದಿಗೆ 2 ಕೆ.ಜಿ. ಹೆಚ್ಚು ಕಟ್ಟಿಕೊಂಡು ಮತ್ತೆ ಪರೀಕ್ಷೆ ಮಾಡಿ ನೋಡಿ. ಹಾಗೆಯೇ ಸಿಹಿನೀರಿಗೆ ಹೋದರೆ ತೂಕ ಕಡಿಮೆ ಸಾಕಾಗುತ್ತದೆ, ದಪ್ಪ ವೆಟ್‌ಸೂಟ್ ತೊಟ್ಟರೆ ಹೆಚ್ಚು ಬೇಕಾಗುತ್ತದೆ. ಲಾಗ್‌ಬುಕ್‌ನಲ್ಲಿ ತೂಕದ ಪಕ್ಕದಲ್ಲೇ ಸಿಲಿಂಡರ್ ಯಾವುದು, ಸೂಟ್ ಎಷ್ಟು ದಪ್ಪ, ನೀರು ಉಪ್ಪೋ ಸಿಹಿಯೋ ಎಂದು ಬರೆದಿಡಿ. ಹಾಗೆ ಬರೆದಿದ್ದರೆ ಮುಂದಿನ ಸಲ ದೋಣಿಯಲ್ಲಿ ಎಷ್ಟು ಕಟ್ಟಲಿ ಎಂದು ಯಾರಾದರೂ ಕೇಳಿದಾಗ ನಿಮ್ಮ ಉತ್ತರ ನಿಮ್ಮಲ್ಲೇ ಇರುತ್ತದೆ.

ಒಂದು ಪ್ರಶ್ನೆ. ಏಳನೆಯ ಡೈವ್‌ನ ಬಗ್ಗೆ ನೀವು ಏನೂ ಬರೆಯಲಿಲ್ಲವಲ್ಲ?

ಮರುಬರಹ: ಹೊಸನೀರು

ಏಳನೆಯದರಲ್ಲಿ ದಿಕ್ಸೂಚಿ ಹಿಡಿದು ನಾನೇ ಮುಂದೆ ಹೋದೆ. ಹೋಗುವಾಗ ನೇರವಾಗಿಯೇ ಹೋದೆ. ಮರಳಿ ಬರುವಾಗ ಪ್ರವಾಹವನ್ನು ಲೆಕ್ಕಕ್ಕೆ ಹಿಡಿಯದೆ ದೋಣಿಯಿಂದ ಸುಮಾರು ಅರವತ್ತು ಮೀಟರ್ ಆಚೆ ಎದ್ದೆವು. ಮೇಲ್ಮೈಯಲ್ಲಿ ಈಜಿಕೊಂಡು ಬರುವಾಗ ಜೊತೆಗಾರರು ಒಂದೂ ಮಾತಾಡಲಿಲ್ಲ. ಅಡ್ವಾನ್ಸ್‌ಡ್ ಕೋರ್ಸಿಗೆ ಹೆಸರು ಕೊಟ್ಟಿದ್ದೇನೆ, ತೇಲುವಿಕೆಯ ಡೈವ್ ಮೊದಲ ದಿನ, ದಿಕ್ಕು ಹಿಡಿಯುವುದು ಎರಡನೆಯ ದಿನ.